ಹೆಪ್ಪಿನ ನೆನಪು

ಚಂಪಕ್ಕನ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನಕಾಯಿ ಜಾಡಿಯೂ ಮೊಸರೂ ಅಕ್ಕಪಕ್ಕ ಇದ್ದವು. ಜಾಡಿಗೆ ತನ್ನ ನೆನಪಿನ ಮೇಲೆ ಬಲು ಹೆಮ್ಮೆ.

“ಚಂಪಕ್ಕ ಮದುವೆಯಾಗಿ ಬಂದ ವರ್ಷ ಹಾಕಿದ ಮಾವಿನ ಹೋಳು ಇನ್ನೂ ನನ್ನ ತಳದಲ್ಲಿದೆ. ನೀನೋ ನಿನ್ನೆಯ ಹಾಲು. ಆ ದಿನಗಳು ನಿನಗೆ ಹೇಗೆ ನೆನಪಿರುತ್ತವೆ?” ಎಂದು ಅದು ಮೊಸರನ್ನು ಹಂಗಿಸುತ್ತಿತ್ತು.

“ಹಾಲು ನಿನ್ನೆಯದು, ಹೆಪ್ಪು ಅಂದಿನದೇ. ದಿನವೂ ಹೊಸ ಹಾಲಿನಲ್ಲಿ ಹಳೆಯದನ್ನು ಕಟ್ಟಿಕೊಳ್ಳುತ್ತೇನೆ,” ಎನ್ನುತ್ತಿತ್ತು ಮೊಸರು.

“ಹಾಗಾದರೆ ಅದು ನೆನಪಲ್ಲ, ಕಟ್ಟುಕಥೆ.”

ಒಂದು ಬೆಳಿಗ್ಗೆ ಬೆಕ್ಕು ಹಾರಿ ಮೊಸರಿನ ಕುಡಿಕೆ ಉರುಳಿತು. ಚಂಪಕ್ಕ ನೆಲ ಒರೆಸಿದಳು. ಹೆಪ್ಪಿಗೆಂದು ಒಂದು ತೊಟ್ಟೂ ಉಳಿಯಲಿಲ್ಲ. ಜಾಡಿಗೆ ವಾದ ಮಾಡಲು ಯಾರೂ ಇಲ್ಲದಂತಾಯಿತು. ಅದರ ಮುಚ್ಚಳದಂಚಿನಿಂದ ಎಣ್ಣೆ ಜಿನುಗಿ ಮೈಮೇಲೆ ಇಳಿಯಿತು.

ಸಂಜೆ ಚಂಪಕ್ಕ ಪಕ್ಕದ ಮನೆಯ ಜುಬೇದಾಳಿಗೆ ಬೆಕ್ಕಿನ ಕಥೆ ಹೇಳಿ ಹೆಪ್ಪು ತಂದಳು. ಜುಬೇದಾಳ ಮನೆಗೆ ಆ ಹೆಪ್ಪು ಹಿಂದೊಮ್ಮೆ ಹೋದದ್ದು ಇಲ್ಲಿಂದಲೇ. ಬೆಳಗಾಗುವಷ್ಟರಲ್ಲಿ ಕುಡಿಕೆಯಲ್ಲಿ ಮೊಸರು ಗಟ್ಟಿಯಾಗಿತ್ತು.

“ನೀನೇನಾ?” ಎಂದು ಜಾಡಿ ಮೆಲ್ಲಗೆ ಕೇಳಿತು.

“ನಾನೇ. ಕುಡಿಕೆ ಉರುಳಿದಾಗ ನೀನು ಅತ್ತದ್ದೂ ನೆನಪಿದೆ.”

“ಆಗ ನೀನು ಜುಬೇದಾಳ ಮನೆಯಲ್ಲಿದ್ದೆ. ಅದನ್ನು ನೋಡಿಯೇ ಇಲ್ಲ.”

“ಇಷ್ಟು ವರ್ಷ ನಿನ್ನ ಪಕ್ಕದಲ್ಲಿದ್ದವನು ನಾನು. ನೀನು ಬೇರೇನು ಮಾಡಿರುತ್ತೀಯ?”

ಕಟ್ಟುಕಥೆ ಎಂಬ ಮಾತು ಜಾಡಿಯ ಬಾಯಂಚಿನವರೆಗೂ ಬಂದಿತ್ತು. ಆದರೆ ಮೈಮೇಲಿನ ಎಣ್ಣೆಯ ಗೆರೆ ಇನ್ನೂ ಆರಿರಲಿಲ್ಲ.