ಹಾಲವ್ವ ಸುಟ್ಟ ಹಳದಿ ಮಣ್ಣು

ಮತ್ತೆ ನಡುವೆ ಬಾಯಿ ಹಾಕಿದಿರಲ್ಲ! ಒಬ್ಬಳಿಗೆ ನೀರು, ಇನ್ನೊಬ್ಬಳಿಗೆ ಬೆಲ್ಲ. ಮೂರು ಸಲ ಕಥೆ ಶುರು ಮಾಡಿದೆ, ಮೂರು ಸಲವೂ ಹಾಲವ್ವ ಹೊಸ್ತಿಲಲ್ಲೇ ನಿಂತಳು. ಈಗ ತುಟಿ ಹೊಲಿದುಕೊಂಡು ಕೇಳಿ.

ಬಹಳ ಹಿಂದೆ, ಒಂದೂರಲ್ಲಿ, ಗೋಡೆ ಬಳಿಯುವ ಹಾಲವ್ವ ಇದ್ದಳಂತೆ. ಮಣ್ಣನ್ನು ನಾಲಿಗೆಗೆ ಹಚ್ಚಿ ಅದು ಯಾವ ದಿಬ್ಬದ್ದೆಂದು ಹೇಳುತ್ತಿದ್ದಳಂತೆ. ಮಗಳು ಚೆನ್ನವ್ವನ ಮದುವೆಗೆ ಎಂಟೇ ದಿನ ಉಳಿದಿತ್ತು. ಮದುವೆ ಮನೆಯ ಗೋಡೆಗೆ ಕೆಂಪು ಪಟ್ಟಿ ಇಲ್ಲದಿದ್ದರೆ ಬೀಗರು ಹೊಸ್ತಿಲು ತುಳಿಯದೆ ಹಿಂದಿರುಗುವುದು ಆ ಸೀಮೆಯ ಕಟ್ಟಳೆ. ಕೆಮ್ಮಣ್ಣಿನ ಗುಡ್ಡವೋ ಪಕ್ಕದ ಊರಿನದು. ಕೆರೆ ನೀರಿನ ಜಗಳವಾಗಿ ಅವರು ದಾರಿಗೆ ಮುಳ್ಳು ಬಡಿದಿದ್ದರು. ಇವರ ಊರಲ್ಲಿದ್ದದ್ದು ಬರೀ ಹಳದಿ ಮಣ್ಣು.

ಅರಿಶಿನಕ್ಕೆ ಸುಣ್ಣ ಕಲಸು, ಕೆಂಪಾಗುತ್ತದೆ ಎಂದರು ಊರ ಹೆಂಗಸರು. ಕಲಸಿ ಬಳಿದಳು. ಕೆಂಪೇನೋ ಕುಂಕುಮದಂತೆ ಎದ್ದಿತು, ಎರಡು ಬಿಸಿಲಿಗೆ ಮಾಸಿ ಹಳದಿಗೆ ತಿರುಗಿತು. ನಾದಿನಿ ನಕ್ಕಳಂತೆ: "ಅತ್ತಿಗಿ, ಗೋಡಿಗೆ ಕಾಮಾಲಿ ಆಗೇತಲ್ಲ!"

"ನಗವ್ವ, ನಗು. ಬೀಗರು ಹೊಳ್ಳಿ ಹೋದ್ರ ಚೆನ್ನವ್ವನ್ನ ನಿನ್ನ ಮಗಗಽ ಕಟ್ತೀನಿ." ಎಂದಳು ಹಾಲವ್ವ.

ಮರುದಿನ ರೊಟ್ಟಿ ಬಡಿಯುತ್ತ ಕೂತವಳಿಗೆ ಕಂಡಿತಂತೆ: ಹಳದಿ ಮಣ್ಣಿನಿಂದ ತಾನೇ ಸಾರಿಸಿದ ಒಲೆ, ಹೊರಗೆ ಹಳದಿ, ಬೆಂಕಿ ತಾಗುವ ಬಾಯಿ ಕೆಂಪು. ದಿನಾ ಕಂಡದ್ದೇ, ಅಂದು ನೋಡಿದಳು.

ಮಣ್ಣಿನ ಉಂಡೆ ಕಟ್ಟಿ ಸಗಣಿ ಕುಳ್ಳಿನ ಬೆಂಕಿಗೆ ಹಾಕಿದಳು. ಮೇಲಷ್ಟೇ ಕೆಂಪಾಯಿತು, ಒಳಗೆ ಹಳದಿಯೇ. ಪುಡಿ ಮಾಡಿ ಮತ್ತೆ ಸುಟ್ಟಳು. ನೀರಲ್ಲಿ ಕದಡಿ, ಮರಳು ತಳ ಸೇರುವ ತನಕ ಬಿಟ್ಟು, ಮೇಲಿನ ನಯವಾದ ಕೆಸರನ್ನಷ್ಟೇ ಬೇರೆ ಗಡಿಗೆಗೆ ಬಗ್ಗಿಸಿ ಬೇವಿನ ಅಂಟು ಬೆರೆಸಿದಳು. ಒದ್ದೆಯಲ್ಲಿ ಕಡುಕೆಂಪು ಕಂಡದ್ದು ಒಣಗಿದರೆ ತಿಳಿಯಾಗುತ್ತದೆಂದು, ಪ್ರತಿ ಸಲ ಗೋಡೆಗೆ ಒಂದು ಬೆರಳೆಳೆದು ಒಣಗುವ ತನಕ ಕಾದಳು. ಒಪ್ಪದಿದ್ದರೆ ಮತ್ತೆ ಸುಟ್ಟಳು. ಅಂಗೈ ಬೊಬ್ಬೆ ಎದ್ದರೂ ಬಿಡದೆ, ಕೊನೆಗೆ ಒಪ್ಪಿದ ಕೆಂಪಿನಲ್ಲಿ ಗೋಡೆಗೆ ಪಟ್ಟಿ ಎಳೆದಳಂತೆ.

ಎಂಟನೆಯ ದಿನ ಹಿರಿಯ ಬೀಗ ಬಂದು, ಉಗುಳು ಹಚ್ಚಿ ಪಟ್ಟಿಯನ್ನು ಉಜ್ಜಿದನಂತೆ. ಬೆರಳಿಗೆ ಬಣ್ಣ ಹತ್ತಲಿಲ್ಲ. ಹೊಸ್ತಿಲು ತುಳಿದ. ಮುಂದೆ ಆ ಮನೆ ಬಿದ್ದುಹೋದ ಮೇಲೂ ಪಟ್ಟಿ ಮಾತ್ರ ಗಾಳಿಯಲ್ಲಿ ನಿಂತಿತ್ತಂತೆ!

ಇಂದಿಗೂ ಆ ಕಡೆ ಮದುವೆಯ ಒಲೆ ಹೂಡಿದರೆ ಹಾಲವ್ವನ ಹೆಸರಲ್ಲಿ ಗೋಲಿಯಷ್ಟು ಹಳದಿ ಉಂಡೆ ಬೆಂಕಿಗಿಡುತ್ತಾರೆ. ಗಂಡನ ಮನೆಗೆ ಹೊರಡುವಾಗ ಮದುಮಗಳು ಅದನ್ನು ಒಡೆದು, ಒಳಗೂ ಕೆಂಪಾದದ್ದನ್ನು ನೋಡಿ ತಾಯಿಯನ್ನು ಕೇಳುತ್ತಾಳೆ, ಅಂದು ಗಾಡಿ ಹತ್ತುತ್ತ ಚೆನ್ನವ್ವ ಕೇಳಿದ್ದನ್ನೇ.

"ಯವ್ವಾ, ಮಣ್ಣು ಅದಽ ಐತಿ. ಮೊದಲಿನ ಹಳದಿ ಎಲ್ಲಿ ಹೋತು?"