ಅಜ್ಜನವರು ಮುಟ್ಟಿಸಿದ ಹರಕೆ

ಕಲ್ಲೂರಗುಡ್ಡದ ಪೂಜ್ಯ ನಿರುಪಾಧಿ ಅಜ್ಜನವರು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ಬೆಳಗಾದರೆ ದಾಸೋಹದ ಮನೆಯಲ್ಲಿ ಮೆಂತ್ಯದ ಪಲ್ಲೆ ಸೋಸುತ್ತ ಕೂತಿರುತ್ತಿದ್ದರು. ಒಂದು ಸೋಮವಾರ ಅವರು ಹಾಗೆಯೇ ಕೂತಿರುವಾಗ, ಹಿಟ್ಟಿನ ಗಿರಣಿಯ ಅಂದಾನಪ್ಪನ ತೋಳು ಹಿಡಿದುಕೊಂಡು ಅವನ ಹೆಂಡತಿ ನಿಂಬೆವ್ವ ಮಠಕ್ಕೆ ಬಂದಳು.

ವೈರಸ್ ಜ್ವರ ಎದೆಗಿಳಿದು, ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿಸಿಕೊಂಡು, ಅಂದಾನಪ್ಪ ಸಾವಿನ ಬಾಯಿಂದ ತಿರುಗಿ ಬಂದಿದ್ದ. ಆ ಹೊತ್ತಿನಲ್ಲಿ ನಿಂಬೆವ್ವ ಆಸ್ಪತ್ರೆಯ ಪಡಸಾಲೆಯಲ್ಲೇ ಸೆರಗೊಡ್ಡಿ ಹರಕೆ ಹೊತ್ತಿದ್ದಳು: ಗಂಡ ಮನೆಗೆ ಬಂದ ಮೊದಲ ಸೋಮವಾರವೇ ಮಠದ ಮಹಾದ್ವಾರದಿಂದ ಗದ್ದುಗೆಯವರೆಗೆ ಅವನಿಂದ ದೀಡ ನಮಸ್ಕಾರ ಹಾಕಿಸುತ್ತೇನೆ ಎಂದು. ಎದೆಯ ಫೋಟೊ ತೆಗೆಸಿ ಮತ್ತೆ ತೋರಿಸಲು ಬನ್ನಿರೆಂದು ಡಾಕ್ಟರು ಹೇಳಿದ್ದೂ ಅದೇ ಸೋಮವಾರ. ಡಾಕ್ಟರಿಗೆ ನಾಳೆ ಅಂದರೂ ನಡೆದೀತು, ದೇವರಿಗೆ ನಾಳೆ ಅನ್ನಲಾದೀತೇ? ಮಾತು ತಪ್ಪಿದರೆ ಕೊಟ್ಟ ಗಂಡನನ್ನು ದೇವರು ಮತ್ತೆ ಕಿತ್ತುಕೊಂಡಾನೆಂಬ ಹೆದರಿಕೆ, ಪಾಪ, ಆ ತಾಯಿಗೆ.

ತಲೆಯ ಮೇಲೆ ನೀರು ಹೊಯ್ದುಕೊಂಡು ಒದ್ದೆ ಧೋತರದಲ್ಲಿ ಅಂದಾನಪ್ಪ ಉದ್ದಕ್ಕೆ ಅಡ್ಡಬಿದ್ದ. ಎದ್ದು, ಕೈ ಮುಟ್ಟಿದ ಗುರುತಿಗೆ ನಿಂತು, ಮತ್ತೆ ಬಿದ್ದ. ಆಮೇಲೆ ಏಳಲಾಗಲಿಲ್ಲ. ಏದುಸಿರು ಬಿಡುತ್ತಿದ್ದ, ತುಟಿ ನೀಲಿಗಟ್ಟಿತ್ತು.

“ಏಳ್ರೀ, ಇನ್ನ ಸ್ವಲ್ಪ ಐತಿ,” ಎಂದು ನಿಂಬೆವ್ವ ಅಳುತ್ತ ಅಂಗಲಾಚಿದಳು.

ಅಜ್ಜನವರು ಎದ್ದು ಬಂದರು. ಅವನನ್ನು ತಾವೇ ಎತ್ತಿ ಕಟ್ಟೆಗೆ ಒರಗಿಸಿ, ತಮ್ಮ ಶಾಲು ಹೊದಿಸಿದರು.

“ಡಾಕ್ಟರು ಯಾವಾಗ ಬಾ ಅಂದಾರವ್ವ?”

“ಇವತ್ತಽ ಅಂದಾರ್ರೀ ಅಜ್ಜಾರ. ಆದ್ರ ಹರಕಿ...”

“ಹರಕಿ ನಾ ಮುಟ್ಟಸ್ತೀನಿ. ಮಠದ ಜೀಪು ನಿಂತೈತಿ, ಹೊಂಡ್ರಿ.”

ಹಾಗೆಂದವರೇ ಒಂದು ಕೊಡ ನೀರು ಸುರುವಿಕೊಂಡು, ಅಂದಾನಪ್ಪ ಬಿದ್ದಿದ್ದ ಜಾಗದಲ್ಲೇ ಉದ್ದಕ್ಕೆ ಅಡ್ಡಬಿದ್ದರು! ಊರಿಗೆ ಊರೇ ಯಾರ ಪಾದಕ್ಕೆ ಬೀಳುತ್ತಿತ್ತೋ ಆ ಮಹಾತ್ಮರು ಮಣ್ಣಿನಲ್ಲಿ ಮಲಗಿದ್ದರು. “ಬ್ಯಾಡ್ರೀ ಯಪ್ಪಾ, ನನಗ ಪಾಪ ಹತ್ತತೈತಿ!” ಎಂದು ನಿಂಬೆವ್ವ ಬಾಯಿ ಬಡಿದುಕೊಂಡಳು. ಅಜ್ಜನವರು ಎದ್ದು, ಎರಡನೆಯ ನಮಸ್ಕಾರಕ್ಕೆ ಬಾಗಿದರು. ಅವಳು ಗಂಡನನ್ನು ಕರೆದುಕೊಂಡು ಜೀಪು ಹತ್ತಿದಳು.

ಆಸ್ಪತ್ರೆಯಲ್ಲಿ ನೋಡಿದರೆ ಅಂದಾನಪ್ಪನ ಎದೆಯಲ್ಲಿ ಬಾವು ಇನ್ನೂ ಆರಿರಲಿಲ್ಲ, ನಾಲ್ಕು ಹೆಜ್ಜೆ ನಡೆದರೆ ಆಕ್ಸಿಜನ್ ಇಳಿಯುತ್ತಿತ್ತು. ಡಾಕ್ಟರು ಔಷಧ ಬದಲಿಸಿದರು, ಉಸಿರಿನ ವ್ಯಾಯಾಮ ಕಲಿಸಿದರು, ಗಿರಣಿಯ ಧೂಳಿನ ಹತ್ತಿರ ಸುಳಿಯಬೇಡ ಎಂದರು. “ಇವತ್ತು ಬಂದದ್ದು ಬಾಳ ಚಲೋ ಆತವ್ವ,” ಎಂದೂ ಹೇಳಿದರು.

ಮಠಕ್ಕೆ ತಿರುಗಿ ಬಂದಾಗ ಅಜ್ಜನವರ ಮೊಣಕೈಗಳು ತರಚಿ ಕೆಂಪಾಗಿದ್ದವು. ನಿಂಬೆವ್ವ ಪಾದ ಹಿಡಿದು ಗಳಗಳ ಅತ್ತಳು. “ದೇವರು ಸಿಟ್ಟಾಗಿಲ್ಲೇನ್ರೀ ಅಜ್ಜಾರ?”

ಅಜ್ಜನವರು ನಕ್ಕರು. “ಕೊಟ್ಟಾಂವಗ ಕಸಕೊಳ್ಳೋ ಆಸೆ ಎಲ್ಲೈತವ್ವ? ಕೊಟ್ಟದ್ದನ್ನ ಜ್ವಾಕಿ ಮಾಡು. ಅದಽ ನಮಸ್ಕಾರ.”

ಅಂದಿನಿಂದ ನಿಂಬೆವ್ವ ಗುಳಿಗೆಯ ಹೊತ್ತು ತಪ್ಪಿಸಲಿಲ್ಲ, ಡಾಕ್ಟರು ಬಾ ಎಂದ ದಿನ ತಪ್ಪಿಸಲಿಲ್ಲ. ಗಿರಣಿ ಕಡೆ ಕಾಲಿಟ್ಟರೆ ಗಂಡನಿಗೆ ಮಂಗಳಾರತಿಯೇ! ಕೊನೆಗೊಂದು ದಿನ ಡಾಕ್ಟರು ಎದೆ ಸ್ವಚ್ಛವಾಗಿದೆ, ಇನ್ನು ಬರುವುದು ಬೇಡ ಎಂದರು. ಅಂದಾನಪ್ಪ ನೇರ ಮಠಕ್ಕೆ ಬಂದು, ಅಂಗಿ ಕಳಚಿ ದೀಡ ನಮಸ್ಕಾರಕ್ಕೆ ಅಣಿಯಾದ. ಈ ಸಲ ಅವನ ಕೈ ಹಿಡಿದು ನಿಲ್ಲಿಸಿದವಳು ನಿಂಬೆವ್ವ.

“ಹರಕಿ ಎಂದೋ ಮುಟ್ಟೈತ್ರೀ,” ಎಂದಳು. “ಅಂಗಿ ಹಾಕ್ಕೋರಿ, ಥಂಡಿ ಐತಿ.”