ತೇವ ನೋಡಿದ ಬಸವನಹುಳು

ಸಿಂಹರಾಜ ತೊಗರಿಗೆ ಒಳ್ಳೆಯ ಬೆಂಬಲ ಬೆಲೆ ಘೋಷಿಸಿ, ಖರೀದಿ ಕೇಂದ್ರಕ್ಕೆ ಬಸವನಹುಳುವನ್ನು ಅಧಿಕಾರಿಯಾಗಿ ನೇಮಿಸಿದ. ಎಂಟು ದಿನ ಬಿಸಿಲಲ್ಲಿ ಒಣಗಿಸಿದ ತೊಗರಿಯನ್ನು ಇರುವೆ ತಂದು ರಾಶಿ ಹಾಕಿತು.

"ತೇವ ಇದ್ದರೆ ತಗೊಳ್ಳೋದಿಲ್ಲ," ಎನ್ನುತ್ತ ಬಸವನಹುಳು ರಾಶಿಯ ಮೇಲೆ ಈ ತುದಿಯಿಂದ ಆ ತುದಿಗೆ ತೆವಳಿತು. ಇಳಿದು, ಕಾಳು ಮುಟ್ಟಿ ನೋಡಿ, "ಒದ್ದೆಯಾಗಿದೆ. ಒಣಗಿಸಿ ತಾ," ಎಂದಿತು.

"ಸ್ವಾಮಿ, ಅದು ನಿಮ್ಮದೇ ಲೋಳೆ!"

"ಲೋಳೆ ಯಾರದು ಅನ್ನೋ ಕಾಲಂ ನಮ್ಮ ಫಾರಂನಲ್ಲಿ ಇಲ್ಲ."

ಇರುವೆ ಮೂರು ಸಲ ಒಣಗಿಸಿ ತಂದಿತು. ಬಸವನಹುಳು ಮೂರು ಸಲವೂ ರಾಶಿ ಹತ್ತಿ ಇಳಿಯಿತು. ನಾಲ್ಕನೆಯ ಸಲ ಹರವುವಷ್ಟರಲ್ಲಿ ಮೋಡ ಕವಿಯಿತು. ಗೇಟಿನ ಹೊರಗೆ ಕಾದು ಕೂತಿದ್ದ ಹೆಗ್ಗಣ, "ಒದ್ದೆಯಾದರೂ ಸರಿ, ಒಣಗಿದ್ದಾದರೂ ಸರಿ, ಅರ್ಧ ಬೆಲೆಗೆ ನಾನು ತಗೊಳ್ತೀನಿ," ಎಂದಿತು. ಇರುವೆ ಹಲ್ಲು ಕಚ್ಚಿಕೊಂಡು ಕೊಟ್ಟುಬಿಟ್ಟಿತು.

ಸಂಜೆ ಬಸವನಹುಳು ರಾಜನಿಗೆ ವರದಿ ಬರೆಯಿತು: "ಕೇಂದ್ರ ದಿನವೂ ತೆರೆದಿತ್ತು. ಒಂದು ಕಾಳೂ ಖರೀದಿಯಾಗಿಲ್ಲ. ಇರುವೆಗಳಿಗೆ ಹೊರಗಡೆಯೇ ಒಳ್ಳೆಯ ಬೆಲೆ ಸಿಗುತ್ತಿರುವಂತಿದೆ. ಮುಂದಿನ ವರ್ಷ ಬೆಂಬಲ ಬೆಲೆಯ ಅಗತ್ಯ ಕಾಣುವುದಿಲ್ಲ."